ಕಾರಿಗೆ ಜಿಪಿಎಸ್ ತಗೋಬೇಕಾ? ಡಬ್ಬಿ, ಮೊಬೈಲು, ಸ್ಟೀರಿಯೋ ಇವುಗಳ ಫರಕು ಏನು ಅಂತ ನೋಡೋಣ್ರಿ

ಗಂಗಾವತಿ, ಸಿಂಧನೂರು, ಬಳ್ಳಾರಿ, ಎಲ್ಲೇ ಕಾರ್ ಡೆಕೋರ್ ಅಂಗಡಿ ಮುಂದ ಹೋಗಿ ನಿಂತ್ರೂ "ಅಣ್ಣಾ, ಚಲೋ ಜಿಪಿಎಸ್ ಒಂದು ಹೇಳ್ರಿ" ಅಂತ ಕೇಳೋರು ಸಿಗ್ತಾರ. ಅಂಗಡಿಯವ್ರು ಸ್ಟಾಕಿನಾಗ ಏನೈತೋ ಅದನ್ನ ತೋರಿಸ್ತಾರ, ಇವ್ರು ರೊಕ್ಕ ಕೊಟ್ಟು ತಗೊಂಡು ಹೋಗ್ತಾರ, ಆಮೇಲೆ ನಾ ಕೇಳಿದ್ದು ಇದಲ್ಲಲಾ ಅಂತ ತಕರಾರು ಶುರು ಆಗ್ತೈತಿ. ಜಿಪಿಎಸ್ ಅಂತ ಮಾರೋ ಸಾಮಾನು ನಾಕೈದು ನಮೂನಿ ಅದಾವ್ರಿ, ಒಂದರ ಕೆಲಸ ಇನ್ನೊಂದು ಮಾಡಂಗಿಲ್ಲ.

ಸಂಡೂರು ಕಡಿ ಅದಿರು ಲಾರಿಗೆ, ಹಳದಿ ಬೋರ್ಡಿನ ಟ್ಯಾಕ್ಸಿಗೆ ಹಾಕ್ಸೋದು ಟ್ರ್ಯಾಕರ್. ಸರ್ಕಾರದ ಎಐಎಸ್-140 ಸ್ಟ್ಯಾಂಡರ್ಡಿಂದು ಅಂತಾರಲ್ಲ, ಕೆಂಪು ಪ್ಯಾನಿಕ್ ಬಟನ್ ಜೋಡಿ ಬರ್ತೈತಲ್ಲ, ಅದು. ಒಳಗೊಂದು ಸಿಮ್ ಇರ್ತೈತಿ, ಗಾಡಿ ಎಲ್ಲೈತಿ ಅಂತ ಬ್ಯಾರೆಯವ್ರಿಗೆ ತಿಳಿಸೋದಷ್ಟ ಅದರ ಕೆಲಸ, ಡ್ರೈವರಿಗೆ ದಾರಿ ಹೇಳಂಗಿಲ್ಲ. ಫಾಸ್ಟ್ಯಾಗ್ ಅಂತೂ ಜಿಪಿಎಸ್ಸೇ ಅಲ್ಲ, ಟೋಲ್ ಗೇಟಿನ ರೀಡರ್ ಹತ್ರ ಹೋದಾಗ ಮಾತ್ರ ಓದಿಸ್ಕೊಳ್ಳೋ ಸ್ಟಿಕರ್ ಅದು. ದಾರಿ ತೋರ್ಸೋವು ಮೂರ: ಗಾರ್ಮಿನ್, ಟಾಮ್‌ಟಾಮ್ ಥರದ ಗ್ಲಾಸಿಗೆ ಅಂಟಿಸೋ ನೇವಿಗೇಶನ್ ಡಿವೈಸು (ಇದನ್ನ ಇನ್ಮುಂದ ಡಬ್ಬಿ ಅಂತೀನಿ), ನಿಮ್ಮ ಕಿಸೆದಾಗಿನ ಮೊಬೈಲು, ಮತ್ತ ಡ್ಯಾಶ್‌ಬೋರ್ಡಿಗೆ ಕೂಡ್ಸೋ ಸ್ಕ್ರೀನ್ ಸ್ಟೀರಿಯೋ.

ಈ ಮೂರನ್ನೂ ಹೋಲಿಸೋವಾಗ ಎಲ್ಲಾರೂ ಕೇಳೋ ಮೊದಲ ಪ್ರಶ್ನೆ "ಯಾವುದರ ಜಿಪಿಎಸ್ ಪವರ್ ಜಾಸ್ತಿ" ಅಂತ. ಈ ಪ್ರಶ್ನೆನ ಬಿಟ್ಬಿಡ್ರಿ. ಆಕಾಶದಿಂದ ಬರೋ ಸಿಗ್ನಲ್ಲು ಎಲ್ಲಾದಕ್ಕೂ ಒಂದ, ಅದಕ್ಕ ಯಾರೂ ರೊಕ್ಕ ತಗೊಳ್ಳಂಗಿಲ್ಲ. ನೀವು ರೊಕ್ಕ ಕೊಡೋದು ಮ್ಯಾಪಿಗೆ, ಆ ಮ್ಯಾಪು ಎಷ್ಟು ಹೊಸದು ಅನ್ನೋದಕ್ಕ, ಬಿಸ್ಲಾಗ ಕಾಣೋ ಸ್ಕ್ರೀನಿಗೆ.

ಒಳಗ ನಡಿಯೋದು ಏನು ಅಂತ ತಿಳ್ಕೊಂಡ್ರ ಉಳಿದಿದ್ದೆಲ್ಲಾ ಸಲೀಸು. ಅಮೆರಿಕಾದ ಜಿಪಿಎಸ್ ಸ್ಯಾಟಲೈಟುಗಳು ಭೂಮಿಯಿಂದ ಸುಮಾರು 20,200 ಕಿಮೀ ಮ್ಯಾಲೆ ತಿರುಗ್ತಾವ, ದಿನಕ್ಕ ಎರಡು ಸುತ್ತು. ಒಂದೊಂದರಾಗೂ ಅಟಾಮಿಕ್ ಗಡಿಯಾರ, ಅಂದ್ರ ಬಾಳ ಕರಾರುವಾಕ್ ಟೈಮು ಹೇಳೋ ಗಡಿಯಾರ ಐತಿ. "ನಾ ಇಂಥಾ ಸ್ಯಾಟಲೈಟು, ಇಂಥಾ ಜಾಗದಾಗ ಅದೀನಿ, ಈಗ ಟೈಮು ಇಷ್ಟು" ಅಂತ ಒಂದೇ ಸಮನೆ ಕೂಗ್ತಿರ್ತಾವ. ಆ ಕೂಗು ಬೆಳಕಿನ ಸ್ಪೀಡಿನಾಗ, ಅಂದ್ರ ಸೆಕೆಂಡಿಗೆ 3 ಲಕ್ಷ ಕಿಮೀ ಲೆಕ್ಕದಾಗ ಬಂದ್ರೂ ನಿಮ್ಮ ಗಾಡಿ ಮುಟ್ಟೋದಕ್ಕ ಸೆಕೆಂಡಿನ ಹದಿನೈದನೇ ಒಂದು ಭಾಗ ಬೇಕಾಗ್ತೈತಿ. ಎಷ್ಟು ತಡ ಆತು ಅಂತ ಲೆಕ್ಕ ಹಾಕಿದ್ರ ದೂರ ಸಿಗ್ತೈತಿ. ಹೊಸಪೇಟಿಂದ ನೀವು 30 ಕಿಮೀ ದೂರ ಅದೀರಿ ಅಂತ ಫೋನಿನಾಗ ಹೇಳಿದ್ರ ನಾ ಹೊಸಪೇಟಿ ಸುತ್ತ ಒಂದು ಗೆರಿ ಎಳೀಬಹುದು, ಅದರ ಮ್ಯಾಲೆ ಎಲ್ಲೋ ಅದೀರಿ ಅಂತಷ್ಟ ಗೊತ್ತಾಗ್ತೈತಿ. ಕೊಪ್ಪಳದಿಂದ ಇಷ್ಟು, ಸಿಂಧನೂರಿಂದ ಇಷ್ಟು ಅಂತ ಇನ್ನೆರಡು ಹೇಳಿದ್ರ ಮೂರೂ ಗೆರಿ ಕೂಡೋ ಜಾಗ ಒಂದ, ಅಲ್ಲಿ ಅದೀರಿ. ಸ್ಯಾಟಲೈಟಿನಾಗೂ ಹಂಗ, ಆದ್ರ ಕಡಿಮಿ ಅಂದ್ರ ನಾಕು ಬೇಕು. ನಾಕನೇದು ಯಾಕಂದ್ರ ನಿಮ್ಮ ಮೊಬೈಲಿನ ಗಡಿಯಾರ ಸಾದಾ ಗಡಿಯಾರ, ಅದು ಸೆಕೆಂಡಿನ ಹತ್ತು ಲಕ್ಷದಾಗ ಒಂದು ಪಾಲು ತಪ್ಪಿದ್ರೂ ಲೆಕ್ಕದಾಗ 300 ಮೀಟರ್ ಹೆಚ್ಚುಕಡಿಮಿ ಆಗ್ತೈತಿ, ಆ ತಪ್ಪನ್ನ ಹಿಡಿಯೋಕ ಇನ್ನೊಂದು ಸ್ಯಾಟಲೈಟು ಬೇಕು.

ಇದರಾಗ ಒಂದು ಮುಖ್ಯ ಮಾತು ಐತಿ ನೋಡ್ರಿ. ನಿಮ್ಮ ಡಬ್ಬಿ ಆಗ್ಲಿ ಮೊಬೈಲ್ ಆಗ್ಲಿ ಸ್ಯಾಟಲೈಟಿಗೆ ತಿರುಗಿ ಏನೂ ಕಳ್ಸಂಗಿಲ್ಲ, ಬರೇ ಕೇಳಿಸ್ಕೊಂತೈತಿ. ಹಂಗಾಗಿ ಜಾಗ ಕಂಡು ಹಿಡಿಯೋಕ ನೆಟ್ ಬ್ಯಾಡ, ರೀಚಾರ್ಜ್ ಬ್ಯಾಡ, ಸಿಮ್ಮೂ ಬ್ಯಾಡ. "ಗುಡ್ಡದಾಗ ಟವರ್ ಸಿಗಂಗಿಲ್ಲ, ಅದಕ್ಕ ಜಿಪಿಎಸ್ ಬಂದಾತು" ಅಂತಾರಲ್ಲ, ಬಂದಾಗಿದ್ದು ಜಿಪಿಎಸ್ ಅಲ್ಲ, ಮ್ಯಾಪಿನ ಚಿತ್ರ ಇಳಿಸ್ಕೊಳ್ಳೋ ನೆಟ್ಟು. ನೀಲಿ ಚುಕ್ಕಿ ಸರಿಯಾಗೇ ಓಡಾಡ್ತಿರ್ತೈತಿ, ಅದರ ಕೆಳಗ ರಸ್ತೆ ಮಾತ್ರ ಇರಂಗಿಲ್ಲ, ಬರೇ ಬಿಳಿ ಚೌಕಳಿ. ಡಬ್ಬಿಯೊಳಗ ದೇಶದ ಮ್ಯಾಪ್ ಮೊದಲ ತುಂಬಿರ್ತೈತಿ, ಹಂಗಾಗಿ ಅದಕ್ಕ ಈ ತ್ರಾಸು ಇಲ್ಲ, ಡಬ್ಬಿ ಮಾರೋರು ಇದನ್ನ ದೊಡ್ಡದಾಗಿ ಹೇಳ್ತಾರ. ಆದ್ರ ಮೊಬೈಲಿನಾಗೂ ಆಫ್‌ಲೈನ್ ಮ್ಯಾಪ್ ಇಳಿಸ್ಕೊಂಡ್ರ ಫರಕು ಅರ್ಧಕ್ಕರ್ಧ ಮುಗೀತು. ಗೂಗಲ್ ಮ್ಯಾಪ್ಸಿನಾಗ ಏರಿಯಾ ಆರಿಸಿ ಡೌನ್‌ಲೋಡ್ ಕೊಡಬಹುದು, ಕಾರಿನ ದಾರಿ ತೋರಿಸ್ತೈತಿ, ಟ್ರಾಫಿಕ್ ಮತ್ತ ಬದಲಿ ದಾರಿ ಮಾತ್ರ ಹೇಳಂಗಿಲ್ಲ. ಓಎಸ್‌ಎಮ್‌ಆಂಡ್, ಆರ್ಗಾನಿಕ್ ಮ್ಯಾಪ್ಸ್ ಥರದ ಆ್ಯಪುಗಳು ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ ಎಲ್ಲಾರೂ ಕೂಡಿ ಬರ್ದಿರೋ ನಕ್ಷೆ ಬಳಸ್ತಾವ, ಒಮ್ಮಿ ಇಳಿಸ್ಕೊಂಡ್ರ ಪೂರಾ ನೆಟ್ ಇಲ್ದ ನಡೀತಾವ.

ಮೊಬೈಲು ಬೇಗ ಜಾಗ ಹಿಡೀತೈತಿ, ಡಬ್ಬಿ ಯಾಕ ತಡ ಮಾಡ್ತೈತಿ ಅಂತ ಕೇಳ್ತಾರ. ಸ್ಯಾಟಲೈಟಿಂದ ಮಾಹಿತಿ ಬರೋ ಸ್ಪೀಡು ಸೆಕೆಂಡಿಗೆ ಬರೇ 50 ಬಿಟ್. ಆ ಸ್ಯಾಟಲೈಟು ಖರೇ ಎಲ್ಲೈತಿ ಅನ್ನೋ ವಿವರ ಇಳಿಸ್ಕೊಳ್ಳೋಕ ಅರ್ಧ ನಿಮಿಷ ಬೇಕು, ಎಲ್ಲಾ ಸ್ಯಾಟಲೈಟುಗಳ ಪೂರಾ ಪಟ್ಟಿ ಬೇಕಂದ್ರ ಹನ್ನೆರಡೂವರೆ ನಿಮಿಷ. ತಿಂಗಳಗಟ್ಲೆ ಡ್ರಾದಾಗ ಬಿದ್ದಿದ್ದ ಡಬ್ಬಿ ಇದನ್ನೆಲ್ಲಾ ಆಕಾಶದಿಂದಾನ ಕೂತು ಕೇಳಬೇಕು, ಮೊಬೈಲು ಅದೇ ಮಾಹಿತಿನ ನೆಟ್ಟಿನಾಗ ಕಣ್ಣು ಮಿಟುಕಿಸೋದ್ರಾಗ ತರಿಸ್ಕೊಂತೈತಿ. ಹಳೇ ಡಬ್ಬಿ ಆನ್ ಮಾಡಿದ ಕೂಡ್ಲೆ ಗಾಡಿ ಓಡಿಸ್ಬ್ಯಾಡ್ರಿ, ಬಯಲಾಗ ನಿಂತು ಸ್ವಲ್ಪ ಹೊತ್ತು ಬಿಡ್ರಿ, ಓಡೋವಾಗ ಗಿಡ ಮನಿ ಅಡ್ಡ ಬಂದು ಮಾಹಿತಿ ತುಂಡಾದ್ರ ಮತ್ತ ಮೊದಲಿಂದ ಶುರು.

ಈಗ ಪ್ಯಾಕಿಂಗ್ ಡಬ್ಬದ ಮ್ಯಾಲೆ ಗ್ಲೋನಾಸ್, ಗೆಲಿಲಿಯೋ, ಬೈಡೂ, ನಾವಿಕ್ ಅಂತೆಲ್ಲಾ ಬರ್ದಿರ್ತಾರ. ರಷ್ಯಾ, ಯುರೋಪು, ಚೀನಾ, ನಮ್ಮ ಇಸ್ರೋ ಇವ್ರೆಲ್ಲಾರ ಸ್ವಂತ ಸ್ಯಾಟಲೈಟುಗಳು. ಜಾಸ್ತಿ ಇದ್ದಷ್ಟು ಒಳ್ಳೇದು, ಗುಡ್ಡ ಅಡ್ಡ ಬಂದಾಗ ನಾಕು ಸ್ಯಾಟಲೈಟು ಕಾಣೋದು ಸಲೀಸಾಗ್ತೈತಿ. ನಾವಿಕ್ ಮೊದಲ ಸ್ಯಾಟಲೈಟು 2013ರ ಜುಲೈನಾಗ ಹಾರ್ತು, ಇದರವು ಸುಮಾರು 36,000 ಕಿಮೀ ಎತ್ತರದಾಗ ಯಾವಾಗ್ಲೂ ನಮ್ಮ ಭಾಗದ ಮ್ಯಾಲೇ ಇರ್ತಾವ. ಕೆಲವು ಸ್ಯಾಟಲೈಟಿನ ಗಡಿಯಾರ ಕೆಟ್ಟುವು, ಬದಲಿಗೆ 2023ರ ಮೇ 29ಕ್ಕ ಎನ್‌ವಿಎಸ್-01 ಬಿಟ್ರು, ಅದರಾಗ ದೇಶದಾಗ ಮಾಡಿದ ಅಟಾಮಿಕ್ ಗಡಿಯಾರ ಐತಿ. ನಾವಿಕ್ ಇಲ್ಲದ ಡಬ್ಬಿ ದಾರಿ ತಪ್ಪಿಸ್ತೈತಿ ಅಂತ ಏನಿಲ್ಲ, ಅದೊಂದಕ್ಕ ಅಂತ ಜಾಸ್ತಿ ರೊಕ್ಕ ಕೊಡಬ್ಯಾಡ್ರಿ.

ಕರಾರುವಾಕ್ ಎಷ್ಟು ಅಂದ್ರ ಬಯಲಾಗ ಸಾದಾ ಮೊಬೈಲು ಸುಮಾರು 5 ಮೀಟರ್ ಒಳಗ ಹೇಳ್ತೈತಿ. ನಮ್ಮ ಕಡಿ ಬೆಂಗಳೂರಿನಂಗ ಎತ್ತರದ ಕಟ್ಟಡಗಳಿಗೆ ಬಡ್ದು ಸಿಗ್ನಲ್ ತಿರುಗೋ ಕಾಟ ಕಡಿಮಿ. ಆದ್ರ ಆ 5 ಮೀಟರ್ ಸಾಕಾಗದ ಜಾಗ ಐತಿ: ಹೈವೇ ಮತ್ತ ಪಕ್ಕದ ಸರ್ವಿಸ್ ರೋಡು. ಎರಡರ ನಡುವ ಅಂತರ ಅಷ್ಟ ಇರ್ತೈತಿ, ನೀವು ಕೆಳಗಿಳಿದು ಸರ್ವಿಸ್ ರೋಡಿನಾಗ ಹೊಂಟ್ರೂ ಅದು ಮ್ಯಾಲಿನ ಹೈವೇದಾಗ ಅದೀರಿ ಅಂತ ತಿಳ್ಕೊಂಡು ಸುಮ್ನಿರ್ತೈತಿ, ಮುಂದಿನ ತಿರುವು ದಾಟಿ ಹೋದ ಮ್ಯಾಲೆ "ಯೂ ಟರ್ನ್ ತಗೊಳ್ಳಿ" ಅಂತೈತಿ. ಎಲ್1, ಎಲ್5 ಅಂತ ಎರಡು ಫ್ರೀಕ್ವೆನ್ಸಿ ಹಿಡಿಯೋ ಮೊಬೈಲು ಈ ವಿಷಯದಾಗ ಸ್ವಲ್ಪ ಚಲೋ. 2018ರಾಗ ಶಾವೋಮಿ ಎಂಐ 8 ಮೊದಲು ತಂತು, ಈಗ ಬಾಳ ಫೋನಿನಾಗ ಬರ್ತೈತಿ. ಹಳೇ ಡಬ್ಬಿಗಳಾಗ ಇಲ್ಲ.

ಇನ್ನ ಮ್ಯಾಪಿನ ಮಾತು. ಖರೇ ಹೋಲಿಕಿ ಇರೋದು ಇಲ್ಲೇ.

ಡಬ್ಬಿಗಳ ಕಾಲ ಒಂದಿತ್ತು, ಗಾರ್ಮಿನ್ ನುವಿ, ಮ್ಯಾಪ್‌ಮೈಇಂಡಿಯಾ, ಹೈದರಾಬಾದಿನ ಸ್ಯಾಟ್‌ಗೈಡ್ ಅಂತ ನಮ್ಮಲ್ಲೂ ಕಾರಿನ ಗ್ಲಾಸಿಗೆ ಅಂಟಿಸ್ಕೊಂಡು ಓಡಾಡೋರು. 2009ರ ಅಕ್ಟೋಬರಿನಾಗ ಗೂಗಲ್ ಅಮೆರಿಕಾದಾಗ ಮೊಬೈಲಿಗೆ ಫ್ರೀ ನೇವಿಗೇಶನ್ ಬಿಟ್ಟಿದ್ದ ಬಿಟ್ಟಿದ್ದು, ಗಾರ್ಮಿನ್ ಮತ್ತ ಟಾಮ್‌ಟಾಮ್ ಶೇರು ಧಡಕ್ಕನ ಬಿದ್ದುವು. ಅಲ್ಲಿಂದ ಡಬ್ಬಿ ಮಾರ್ಕೆಟ್ ಸಣ್ಣದಾಗ್ತಾ ಬಂತು. ಮ್ಯಾಪ್‌ಮೈಇಂಡಿಯಾದವ್ರು ಈಗ ಮ್ಯಾಪಲ್ಸ್ ಅಂತ ಆ್ಯಪ್ ಕೊಡ್ತಾರ. ಹಂಗಾಗಿ ಇವತ್ತು ನಿಮಗ ಕಡಿಮಿ ರೇಟಿಗೆ ಸಿಗೋ ಡಬ್ಬಿ ಬಾಳ ಸಲ ಹಳೇದ ಇರ್ತೈತಿ, ಹಳೇ ಡಬ್ಬಿಯೊಳಗ ಹಳೇ ಕರ್ನಾಟಕ ಇರ್ತೈತಿ. 2014ರ ನವೆಂಬರ್ 1ಕ್ಕ ಇಂಗ್ಲಿಷಿನಾಗ ಬಳ್ಳಾರಿ, ಹೊಸಪೇಟೆ ಸ್ಪೆಲಿಂಗ್ ಬದಲಾತು, ಹಳೇ ಡಬ್ಬಿದಾಗ "ಬೆಲ್ಲಾರಿ", "ಹಾಸ್ಪೆಟ್" ಅಂತ ಟೈಪ್ ಮಾಡಿದ್ರಷ್ಟ ಊರು ಸಿಗ್ತೈತಿ. 2021ರಾಗ ವಿಜಯನಗರ ಜಿಲ್ಲಾ ಆತು, ಡಬ್ಬಿ ಇನ್ನೂ ಹಂಪಿನ ಬಳ್ಳಾರಿ ಜಿಲ್ಲಾದಾಗ ಹುಡುಕ್ತಿರ್ತೈತಿ. ಗುತ್ತಿ-ಅಂಕೋಲಾ ರೋಡು ಎನ್‌ಎಚ್ 63 ಇದ್ದಿದ್ದು ಈಗ 67, ವಿಜಯಪುರ ಕಡಿಂದ ಕುಷ್ಟಗಿ, ಹೊಸಪೇಟಿ ಮ್ಯಾಲೆ ಚಿತ್ರದುರ್ಗಕ್ಕ ಹೋಗೋ 13 ಈಗ 50. ಬೋರ್ಡಿನ ಮ್ಯಾಲೆ ಒಂದು ನಂಬರು, ಡಬ್ಬಿ ಬಾಯಾಗ ಇನ್ನೊಂದು ನಂಬರು. (ನಮ್ಮ ಹಳೇ ಲಾರಿ ಡ್ರೈವರುಗಳೂ ಇನ್ನೂ 63 ಅಂತಾನ ಅಂತಾರ, ಅದು ಬ್ಯಾರೆ ಮಾತು.) ಲೈಫ್‌ಟೈಮ್ ಮ್ಯಾಪ್ ಅಂತ ಬರ್ದಿದ್ರೂ ಅಪ್‌ಡೇಟು ತಾನಾಗೇ ಆಗಂಗಿಲ್ಲ, ವೈಫೈಗೋ ಕಂಪ್ಯೂಟರಿಗೋ ಹಚ್ಚಿ ಇಳಿಸಬೇಕು, ಅದನ್ನ ಮಾಡೋರು ನೂರಕ್ಕ ಹತ್ತು ಮಂದಿನೂ ಇಲ್ಲ ಅಂತ ನನ್ನ ಅಂದಾಜು.

ಮ್ಯಾಪ್ ಹೊಸದಿದ್ರೂ ದಾರಿ ಆರಿಸೋದು ಇನ್ನೊಂದು ಕಥಿ. ಮಷೀನಿಗೆ ಪ್ರತಿ ರಸ್ತೆ ಒಂದು ತುಂಡು, ತುಂಡಿಗೊಂದು ಉದ್ದ, ಇಷ್ಟು ಸ್ಪೀಡಿನಾಗ ಹೋಗಬಹುದು ಅನ್ನೋ ಒಂದು ಅಂದಾಜು, ಅಷ್ಟ. ಒಟ್ಟು ಟೈಮು ಕಡಿಮಿ ಬರೋ ತುಂಡುಗಳನ್ನ ಜೋಡಿಸಿ ದಾರಿ ಅಂತ ಕೊಡ್ತೈತಿ. "ಶಾರ್ಟೆಸ್ಟ್" ಅಂತ ಸೆಟ್ಟಿಂಗ್ ಇಟ್ರ ಕೆಟ್ರಿ, ಗಂಗಾವತಿ ಕಾರಟಗಿ ಸಿಂಧನೂರು ಸೀಮೆದಾಗ ಎಡದಂಡೆ ಕಾಲುವೆ ಏರಿ ಮ್ಯಾಲಿನ ದಾರಿನೂ ರಸ್ತೆ ಅಂತ ತಿಳಿದು ಅಲ್ಲೇ ಕರ್ಕೊಂಡು ಹೋಗಬಹುದು. ಬ್ಯಾಸಗಿದಾಗ ಹೆಂಗೋ ನಡೀತೈತಿ, ಮಳಿ ಬಿದ್ದ ಮರುದಿನ ಎರಿ ಮಣ್ಣು ಗಾಲಿಗೆ ಮೆತ್ಕೊಂಡು ಮಡ್‌ಗಾರ್ಡ್ ತುಂಬಿ ಗಾಲಿ ತಿರುಗದಂಗ ಆದಾಗ ಟ್ರ್ಯಾಕ್ಟರ್ ಬರೋವರಿಗೂ ಅಲ್ಲೇ. ಯಾವಾಗ್ಲೂ "ಫಾಸ್ಟೆಸ್ಟ್" ಇಡ್ರಿ, ಡಬ್ಬಿದಾಗ "ಕಚ್ಚಾ ರಸ್ತೆ ಬ್ಯಾಡ" ಅನ್ನೋ ಆಯ್ಕಿ ಇದ್ರ ಅದನ್ನೂ ಆನ್ ಮಾಡ್ರಿ. "ಫೆರ್ರಿ ಬ್ಯಾಡ" ಅನ್ನೋದೂ ಇರ್ತೈತಿ, ಹಂಪಿಂದ ಆನೆಗುಂದಿಗೆ ಹೋಗೋರು ಇದನ್ನ ಮರೀಬ್ಯಾಡ್ರಿ. ಹೊಳಿ ದಾಟೋ ಜಾಗ ಮ್ಯಾಪಿನಾಗ ಫೆರ್ರಿ ಅಂತ ಗುರುತಾಗಿದ್ರ ನಿಮ್ಮನ್ನ ಸೀದಾ ತಳವಾರಘಟ್ಟದ ದಂಡಿಗೆ ತಂದು ನಿಲ್ಲಿಸ್ತೈತಿ, ಅಲ್ಲಿ ಹರಿಗೋಲಿನಾಗ ಕಾರು ಹೋಗಂಗಿಲ್ಲ. ಕಾರಿಗೆ ದಾರಿ ಬುಕ್ಕಸಾಗರ-ಕಡೇಬಾಗಿಲು ಬ್ರಿಜ್ ಮ್ಯಾಲೆ.

ಬಳ್ಳಾರಿಂದ ರಾಯಚೂರಿಗೆ ಹೋಗೋ ಟ್ಯಾಕ್ಸಿಯವ್ರಿಗೆ ಇನ್ನೊಂದು. ಸಿರುಗುಪ್ಪ, ಸಿಂಧನೂರು, ಮಾನ್ವಿ ಮ್ಯಾಲೆ ಒಂದು ದಾರಿ ಐತಿ, ಹಗರಿಂದ ಎನ್‌ಎಚ್ 167 ಹಿಡಿದು ಆಲೂರು, ಆದೋನಿ ಮ್ಯಾಲೆ ಇನ್ನೊಂದು. ಎರಡನೇದು ಆಂಧ್ರದೊಳಗ ಹಾದು ಹೋಗ್ತೈತಿ. ಮಷೀನಿಗೆ ರಾಜ್ಯದ ಗಡಿ ಅಂದ್ರ ಬರೇ ಒಂದು ಗೆರಿ, ನಿಮ್ಮ ಹಳದಿ ಬೋರ್ಡಿಗೆ ಆ ಕಡಿ ಪರ್ಮಿಟ್ ಐತೋ ಇಲ್ಲೋ ಅದಕ್ಕ ಸಂಬಂಧ ಇಲ್ಲ. ಹೊಂಡೋ ಮೊದಲ ಪೂರಾ ದಾರಿನ ಝೂಮ್ ಔಟ್ ಮಾಡಿ ಒಮ್ಮಿ ನೋಡ್ರಿ, ಬರೇ "ಸ್ಟಾರ್ಟ್" ಒತ್ತಿ ಹೋಗಬ್ಯಾಡ್ರಿ.

ಲಾರಿಯವ್ರು ಕೇಳೋದು ಟ್ರಕ್ ಜಿಪಿಎಸ್ ಬಗ್ಗೆ. ಗಾರ್ಮಿನ್‌ದು ಡೆಝಲ್ ಅಂತ ಐತಿ, ಗಾಡಿ ಎತ್ತರ, ತೂಕ, ಉದ್ದ ಹಾಕಿದ್ರ ಅದಕ್ಕ ತಕ್ಕ ದಾರಿ ಕೊಡೋ ನಮೂನಿ. ಐಡಿಯಾ ಭಾರಿ ಚಲೋ. ಆದ್ರ ಯಾವ ರೈಲ್ವೆ ಅಂಡರ್‌ಪಾಸ್ ಎಷ್ಟು ಎತ್ತರ, ಯಾವ ಹಳ್ಳದ ಸೇತುವೆ ಎಷ್ಟು ಟನ್ ತಡೀತೈತಿ ಅಂತ ಮ್ಯಾಪಿನಾಗ ಯಾರಾದ್ರೂ ಬರ್ದಿದ್ರ ಮಾತ್ರ ಅದು ಹೇಳಬಲ್ಲದು. ರಾಯಚೂರು ಮಾರ್ಕೆಟಿಗೆ ಹತ್ತಿ ಎತ್ತರಕ್ಕ ತುಂಬ್ಕೊಂಡು ಬರೋ ಗಾಡಿಗೆ ಅಂಡರ್‌ಪಾಸ್ ಮುಂದಿನ ಕಬ್ಬಿಣದ ಹೈಟ್ ಗೇಜ್ ನೋಡೋದ ಭರವಸೆ. ನಮ್ಮ ಹಳ್ಳಿ ರಸ್ತೆಗಳಿಗೆ ಅಂತ ಅಷ್ಟು ರೊಕ್ಕ ಹಾಕಿ ಅದನ್ನ ತರ್ಸೋದು ನನಗ ಸರಿ ಅನ್ಸಂಗಿಲ್ಲ.

ಟ್ರಾಫಿಕ್ ವಿಷಯದಾಗ ಮೊಬೈಲು ಮುಂದ, ಅದರಾಗ ಎರಡು ಮಾತಿಲ್ಲ. ರಸ್ತೆ ಮ್ಯಾಲೆ ಓಡೋ ಬ್ಯಾರೆ ಮೊಬೈಲುಗಳ ಸ್ಪೀಡು ಕೂಡ್ಸಿ ಎಲ್ಲಿ ಜಾಮು ಅಂತ ಹೇಳೋದು ಅದು. ಬಳ್ಳಾರಿ ಸುಧಾ ಕ್ರಾಸ್ ರೈಲ್ವೆ ಗೇಟ್ ಹಾಕಿದ್ರ ಹತ್ತಿಪ್ಪತ್ತು ಗಾಡಿ ನಿಂತ ಕೂಡ್ಲೆ ಕೆಂಪು ಗೆರಿ ಬರ್ತೈತಿ, ನೆಟ್ ಇಲ್ಲದ ಡಬ್ಬಿಗೆ ಅದು ಗೊತ್ತಾಗೋದ ಇಲ್ಲ. ಆದ್ರ ಮಸ್ಕಿ, ಲಿಂಗಸುಗೂರು ಒಳ ರಸ್ತೆದಾಗ ಓಡೋ ಮೊಬೈಲ್ ಕಡಿಮಿ ಇದ್ದಾಗ ಕೆಂಪು ಗೆರಿ ಇಲ್ಲ ಅಂದ್ರ ರಸ್ತೆ ಖಾಲಿ ಐತಿ ಅಂತಲ್ಲ, ಹೇಳೋಕ ಯಾರೂ ಇಲ್ಲ ಅಂತ.

ಇದಕ್ಕಿಂತ ದೊಡ್ಡದು ಹೊಳಿ. ತುಂಗಭದ್ರಾ ಡ್ಯಾಮಿಂದ ನೀರು ಜಾಸ್ತಿ ಬಿಟ್ರ ಕಂಪ್ಲಿ-ಗಂಗಾವತಿ ಬ್ರಿಜ್ ಮುಳುಗ್ತೈತಿ, ನಾರಾಯಣಪುರ ಡ್ಯಾಮಿಂದ ಕೃಷ್ಣೆಗೆ ಬಿಟ್ರ ಲಿಂಗಸುಗೂರು ತಾಲೂಕಿನ ಶೀಲಹಳ್ಳಿ ಬ್ರಿಜ್ ಮುಳುಗ್ತೈತಿ, ಇದು ಇಲ್ಲಿಯವ್ರಿಗೆ ಗೊತ್ತಿರೋ ಮಾತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಕೊಂಡು ಹೋದಾಗ ಕೆಳಗಿನ ಊರಿನವ್ರಿಗೆ ಎದಿ ಢವಢವ. ಅಂಥಾ ಹೊತ್ತಿನಾಗ ಡಬ್ಬಿ ಪಾಪ ತನ್ನ ಪಾಡಿಗೆ "ನೇರ ಹೋಗಿ" ಅಂತಾನ ಇರ್ತೈತಿ. ಮೊಬೈಲಿನಾಗ ಯಾರಾದ್ರೂ ರಸ್ತೆ ಬಂದ್ ಅಂತ ರಿಪೋರ್ಟ್ ಮಾಡಿದ್ರ ತೋರಿಸಬಹುದು, ಮಾಡಿಲ್ಲ ಅಂದ್ರ ಅದಕ್ಕೂ ಗೊತ್ತಿಲ್ಲ. 2024ರ ನವೆಂಬರಿನಾಗ ಉತ್ತರ ಪ್ರದೇಶದ ಬರೇಲಿ ಕಡಿ ಪ್ರವಾಹಕ್ಕ ಒಂದು ಭಾಗ ಹೋಗಿದ್ದ ಬ್ರಿಜ್ ಮ್ಯಾಲಿಂದ ಕಾರು ನದಿಗೆ ಬಿದ್ದು ಮೂರು ಮಂದಿ ತೀರ್ಕೊಂಡ್ರು, ನೇವಿಗೇಶನ್ ನೋಡ್ಕೊಂಡ ಹೊಂಟಿದ್ರು ಅಂತ ಸುದ್ದಿ ಬಂತು. ಮಳಿಗಾಲದಾಗ ಹೊಳಿ ದಾಟೋ ದಾರಿ ಇದ್ರ ಆ ಊರಿನ ಪೆಟ್ರೋಲ್ ಬಂಕಿನಾಗೋ ಚಾ ಅಂಗಡಿದಾಗೋ ಕೇಳದ ಹೋಗಬ್ಯಾಡ್ರಿ, ಯಾವ ರೇಟಿನ ಮಷೀನ್ ಇದ್ರೂ ಅಷ್ಟ.

ಡಬ್ಬಿ ಗೆಲ್ಲೋ ಜಾಗ ಒಂದೈತಿ, ಬಿಸಿಲು. ಏಪ್ರಿಲ್ ಮೇದಾಗ ರಾಯಚೂರಿನಾಗ 42-43 ಡಿಗ್ರಿ ಇದ್ದಾಗ ಬಾಗಿಲು ಮುಚ್ಚಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮುಟ್ಟಿ ನೋಡ್ರಿ ಗೊತ್ತಾಗ್ತೈತಿ. ಐಫೋನನ್ನ 0ರಿಂದ 35 ಡಿಗ್ರಿ ಒಳಗ ಬಳಸ್ರಿ ಅಂತ ಆಪಲ್‌ನವ್ರ ಹೇಳ್ತಾರ, ಗಾರ್ಮಿನ್ ಡಬ್ಬಿಗಳಿಗೆ 55ರ ತನಕ ಅಂತ ಬರ್ದಿರ್ತಾರ. ಮೊಬೈಲು ಒಂದ ಹೊತ್ತಿನಾಗ ಚಾರ್ಜ್ ಆಗ್ಬೇಕು, ಸ್ಕ್ರೀನ್ ಉರೀಬೇಕು, ನೆಟ್ ಎಳೀಬೇಕು, ಮ್ಯಾಲಿಂದ ಗ್ಲಾಸಿನ ಬಿಸಿಲು. ಮೊದಲು ಸ್ಕ್ರೀನ್ ಮಬ್ಬಾಗ್ತೈತಿ, ಆಮೇಲೆ ಚಾರ್ಜ್ ನಿಲ್ತೈತಿ, ಕಡೀಗೆ "ಫೋನ್ ತಣ್ಣಗಾಗಲಿ" ಅಂತ ಬರ್ತೈತಿ. ಇದಕ್ಕ ಅಗ್ಗದ ಉಪಾಯ: ಗ್ಲಾಸಿಗೆ ಅಂಟಿಸೋದು ಬಿಟ್ಟು ಎಸಿ ಗಾಳಿ ಬರೋ ಜಾಗಕ್ಕ ಸಿಕ್ಕಿಸೋ ಹೋಲ್ಡರ್ ತಗೊಳ್ರಿ, ಕವರ್ ತೆಗೀರಿ, ತಣ್ಣನ ಗಾಳಿ ಬೆನ್ನಿಗೆ ಬೀಳ್ತೈತಿ. ಎಸಿ ಇಲ್ಲದ ಗೂಡ್ಸ್ ಗಾಡಿದಾಗ ದಿನಾ ಮಧ್ಯಾಹ್ನ ಓಡಿಸೋರಿಗೆ ಮಾತ್ರ ಡಬ್ಬಿ ಖರೇ ಉಪಯೋಗ, ಮೊಬೈಲೂ ಉಳೀತೈತಿ, ಮಾತಾಡೋಕೂ ಖಾಲಿ ಇರ್ತೈತಿ.

ಸ್ಕ್ರೀನ್ ಸ್ಟೀರಿಯೋ ಎರಡು ನಮೂನಿ. ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ ಇರೋದು ನಿಮ್ಮ ಮೊಬೈಲನ್ನ ದೊಡ್ಡ ಸ್ಕ್ರೀನಿಗೆ ತರ್ತೈತಿ, ಬುದ್ಧಿ ಎಲ್ಲಾ ಮೊಬೈಲಿಂದ. ಇನ್ನೊಂದು ಸ್ವತಃ ಆಂಡ್ರಾಯ್ಡ್ ಟ್ಯಾಬ್ ಇದ್ದಂಗ, ಅದಕ್ಕ ಹಾಟ್‌ಸ್ಪಾಟ್ ಕೊಡಬೇಕು, ಅದರ ಜಿಪಿಎಸ್ ಆಂಟೆನಾ ಬ್ಯಾರೇನ ಬರ್ತೈತಿ: ಬೆಂಕಿಪೊಟ್ಟಣಕ್ಕಿಂತ ಸಣ್ಣ ಕರೀ ಚೌಕ, ಕೆಳಗ ಅಯಸ್ಕಾಂತ, ಉದ್ದ ವೈರ್. ಫಿಟ್ಟಿಂಗ್ ಮಾಡೋ ಹುಡುಗ ಅವಸರದಾಗ ಅದನ್ನ ಸ್ಟೀರಿಯೋ ಹಿಂದ ಕಬ್ಬಿಣದ ಫ್ರೇಮ್ ನಡುವ ತುರುಕಿ ಮುಚ್ಚಿಬಿಡ್ತಾನ. ಕಬ್ಬಿಣ ದಾಟಿ ಸಿಗ್ನಲ್ ಬರಂಗಿಲ್ಲ, ಮ್ಯಾಪಿನಾಗ ನಿಮ್ಮ ಕಾರು ಹೊಲದಾಗ ಓಡ್ತಿರ್ತೈತಿ, ನೀವು ಕಂಪನಿನ ಬೈಯ್ತಿರ್ತೀರಿ. ಎದುರ ನಿಂತು ಮುಂದಿನ ಗ್ಲಾಸಿನ ಕೆಳಗ, ಡ್ಯಾಶ್‌ಬೋರ್ಡಿನ ಮ್ಯಾಲೆ, ಆಕಾಶ ಕಾಣೋ ಹಂಗ ಕೂಡ್ಸಿಸ್ರಿ.

ಕಾನೂನು ಕೇಳೋರಿಗೆ: 2020ರ ಅಕ್ಟೋಬರ್ 1ರಿಂದ ದಾರಿ ನೋಡೋಕಷ್ಟ, ಗಮನ ಬ್ಯಾರೆ ಕಡಿ ಹೋಗದಂಗ ಮೊಬೈಲ್ ಬಳಸಬಹುದು ಅಂತ ರೂಲ್ಸ್ ಬಂದೈತಿ. ಹೋಲ್ಡರಿನಾಗ ಇಟ್ಟು ಹೊಂಡೋ ಮೊದಲ ಊರು ಹಾಕ್ರಿ, ಓಡಿಸ್ತಾ ಟೈಪ್ ಮಾಡೋದು ಇದರಾಗ ಬರಂಗಿಲ್ಲ.

ನನ್ನ ಕೇಳಿದ್ರ, ಸ್ವಂತ ಕಾರಿನವ್ರು ಹೊಸ ಡಬ್ಬಿ ತಗೊಳ್ಳೋದು ದಂಡ. ಇರೋ ಮೊಬೈಲು, ಒಂದು ಗಟ್ಟಿ ಹೋಲ್ಡರ್, ಒಂದು ಚಲೋ ಚಾರ್ಜರ್, ಆಫ್‌ಲೈನ್ ಮ್ಯಾಪು ಸಾಕು, ಹಳೇ ಆಂಡ್ರಾಯ್ಡ್ ಫೋನ್ ಮನ್ಯಾಗ ಬಿದ್ದಿದ್ರ ಅದಕ್ಕ ಓಎಸ್‌ಎಮ್‌ಆಂಡ್ ಹಾಕಿ ಗಾಡಿದಾಗ ಇಟ್ರ ಅದ ಒಂದು ಡಬ್ಬಿ ಆತು. ಅಷ್ಟಾದ್ರೂ ಯಾರೋ ಅಗ್ಗಕ್ಕ ಕೊಡ್ತಾರ ಅಂತ ಸೆಕೆಂಡ್ ಹ್ಯಾಂಡ್ ಡಬ್ಬಿ ತಗೊಳ್ಳೋರು ಇದ್ರ ಅಂಗಡಿ ಹೊರಗ ಬಯಲಿಗೆ ತಂದು ಆನ್ ಮಾಡಿ, ಸಿಗ್ನಲ್ ಹಿಡಿದ ಮ್ಯಾಲೆ ತಾರೀಖು ನೋಡ್ರಿ. ಜಿಪಿಎಸ್ ವಾರದ ಲೆಕ್ಕ 1024ಕ್ಕ ಮುಗಿದು ಮತ್ತ ಸೊನ್ನೆಯಿಂದ ಶುರು ಆಗ್ತೈತಿ, ಹೋದ ಸಲ ಹಂಗಾಗಿದ್ದು 2019ರ ಏಪ್ರಿಲ್ 6ಕ್ಕ, ಅದಕ್ಕ ಸಾಫ್ಟ್‌ವೇರ್ ಅಪ್‌ಡೇಟ್ ಸಿಗದ ಡಬ್ಬಿಗಳು ಸುಮಾರು 20 ವರ್ಷ ಹಿಂದಿನ ತಾರೀಖು ತೋರಿಸ್ತಾವ. ತಾರೀಖು ಸರಿ ಇದ್ರ ವಿಜಯನಗರ ಜಿಲ್ಲಾ ಅಂತ ಹುಡುಕ್ರಿ, ಸಿಗಲಿಲ್ಲ ಅಂದ್ರ ಮ್ಯಾಪು 2021ಕ್ಕಿಂತ ಹಳೇದು, ರೇಟು ಅದರ ಮ್ಯಾಲೆ ಮಾತಾಡ್ರಿ.